ಅಪ್‌ಡೇಟ್: ಫ್ಲಾರಿಡಾ ಶಾಲಾ ಲೈಬ್ರರಿಯ ಪುಸ್ತಕ ಆಕ್ಷೇಪಣೆ
ಆಕ್ಷೇಪಣೆ ಬಂದ ಪುಸ್ತಕವನ್ನೆಲ್ಲ ಕಪಾಟಿನಿಂದ ತೆಗೆಯಲೇಬೇಕಾ ಅಂತ ಕೇಳಿದ್ದೆ. ಬೇಕಿಲ್ಲ. 2023ರ ಎಚ್‌ಬಿ 1069 ಎಂಬ ಫ್ಲಾರಿಡಾ ಕಾನೂನಿನ ಪ್ರಕಾರ, ಅಶ್ಲೀಲತೆ ಅಥವಾ ಲೈಂಗಿಕ ವರ್ತನೆಯ ಕಾರಣ ಕೊಟ್ಟಿದ್ದರೆ 5 ಶಾಲಾ ದಿನಗಳೊಳಗೆ ತೆಗೆದಿಡಬೇಕು. ತೀರ್ಮಾನ ಆಗುವವರೆಗೆ ಮಕ್ಕಳಿಗೆ ಕೊಡುವಂತಿಲ್ಲ. ‘ವಯಸ್ಸಿಗೆ ತಕ್ಕದ್ದಲ್ಲ’ ಅಂತಷ್ಟೇ ಬರೆದಿದ್ದರೆ ಈ ಗಡುವು ಇಲ್ಲ. ಹಾಗಾಗಿ ಆಕ್ಷೇಪಣೆ ಫಾರ್ಮಿನಲ್ಲಿ ಕಾರಣದ ಕಾಲಂ ಮೊದಲು ಓದಿ. ಅದನ್ನು ಓದದೆ ಕಪಾಟಿನ ಇಡೀ ಸಾಲನ್ನೇ ಖಾಲಿ ಮಾಡಿದರೆ ಮಕ್ಕಳಿಗೆ ಅನ್ಯಾಯ.

ಆಕ್ಷೇಪಣೆ ಪರಿಶೀಲಿಸುವ ಸಮಿತಿಯಲ್ಲಿ ಪೋಷಕರು ಇರಲೇಬೇಕು, ಸಭೆ ಸಾರ್ವಜನಿಕರಿಗೆ ತೆರೆದಿರಬೇಕು. ಪೋಷಕರು ಶಾಲಾ ಮಂಡಳಿಯ (ಬೋರ್ಡ್) ಸಭೆಯಲ್ಲಿ ಪುಸ್ತಕದ ಅಶ್ಲೀಲ ಭಾಗ ಓದುವಾಗ ಅದರ ವಿಷಯದ ಕಾರಣಕ್ಕೆ ಬೋರ್ಡ್ ತಡೆದರೆ ಆ ಪುಸ್ತಕದ ಬಳಕೆ ನಿಲ್ಲಿಸಲೇಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಶಾಲೆಯಲ್ಲಿ ಮಗು ಇಲ್ಲದ ಕೌಂಟಿ ನಿವಾಸಿಗೆ 2024ರಿಂದ ತಿಂಗಳಿಗೆ 1 ಆಕ್ಷೇಪಣೆ ಮಾತ್ರ. 2025ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯ ಈ ಕಾನೂನಿನ ‘ಲೈಂಗಿಕ ವರ್ತನೆ ವರ್ಣಿಸುವ’ ಎಂಬ ಭಾಗವನ್ನು ಅಸಾಂವಿಧಾನಿಕ ಎಂದಿದೆ. ಹಳೇ ಸುತ್ತೋಲೆ ನಂಬಿಕೊಂಡು ಕೂರಬೇಡಿ.