ಅಮೆರಿಕನ್ ನಿಂಜಾ ವಾರಿಯರ್: ಯಾರ ಚೊಚ್ಚಲ ಪ್ರದರ್ಶನ ದೊಡ್ಡದು?

ಮಡಿಕೇರಿಯಿಂದ ಪ್ರಶ್ನೆ:
ಈ ಮಳೆಗಾಲದ ಸಂಜೆಗಳಲ್ಲಿ ಮನೆಯವರೆಲ್ಲ ಕುಳಿತು, ಅಡೆತಡೆಗಳನ್ನು ದಾಟುವ ಅಮೆರಿಕದ ಟಿವಿ ಸ್ಪರ್ಧೆ ‘ಅಮೆರಿಕನ್ ನಿಂಜಾ ವಾರಿಯರ್’ನ ಹಳೆಯ ಆವೃತ್ತಿಗಳನ್ನು ನೋಡುತ್ತಿದ್ದೇವೆ. ಮೊದಲ ಸಲ ಕಣಕ್ಕಿಳಿದವರಲ್ಲಿ 2015ರ ಜೆಫ್ ಬ್ರಿಟನ್ ಅವರದು ದೊಡ್ಡ ಸಾಧನೆಯೋ, 2021ರ ಕೇಡನ್ ಲೆಬ್ಸ್ಯಾಕ್ ಅವರದೋ? ದಯವಿಟ್ಟು ಕಾರಣಸಹಿತ ತಿಳಿಸಿ.

ಗೋಣಿಕೊಪ್ಪದಿಂದ:
ನನ್ನ ಮತ ಬ್ರಿಟನ್ ಅವರಿಗೆ. ಅರ್ಹತಾ ಸುತ್ತು, ನಗರ ಫೈನಲ್ ಮತ್ತು ರಾಷ್ಟ್ರೀಯ ಫೈನಲ್‌ನ ನಾಲ್ಕು ಹಂತಗಳು ಸೇರಿ ಆರೂ ಸುತ್ತುಗಳನ್ನು ಒಮ್ಮೆಯೂ ಬೀಳದೆ ಮುಗಿಸಿ, 30 ಸೆಕೆಂಡುಗಳೊಳಗೆ ಏರಬೇಕಾದ 75 ಅಡಿಯ ಹಗ್ಗವನ್ನು 29.65 ಸೆಕೆಂಡುಗಳಲ್ಲಿ ಏರಿದ ಅವರು, ನಾಲ್ಕೂ ಹಂತಗಳನ್ನು ಗೆದ್ದ ಮೊದಲ ಅಮೆರಿಕನ್. ಅದೇ ಹಗ್ಗವನ್ನು 26.14 ಸೆಕೆಂಡುಗಳಲ್ಲಿ ಏರಿದ ಐಸಾಕ್ ಕ್ಯಾಲ್ಡಿಯೆರೊ ಬಹುಮಾನ ಪಡೆದರು. ಆದರೆ ಅವರಿಗೆ ಅದು ಮೊದಲ ಸ್ಪರ್ಧೆಯಾಗಿರಲಿಲ್ಲ.

ವಿರಾಜಪೇಟೆಯಿಂದ:
ಗೌರವಪೂರ್ವಕವಾಗಿಯೇ ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ವಯೋಮಿತಿಯನ್ನು 19ರಿಂದ 15ಕ್ಕೆ ಇಳಿಸಿದ ವರ್ಷವೇ ಬಂದ ಹದಿನೈದರ ಹುಡುಗ ಲೆಬ್ಸ್ಯಾಕ್, ಹಿರಿಯರೆಲ್ಲ ಸೋತ ಮೂರನೆಯ ಹಂತವನ್ನು ಒಬ್ಬನೇ ದಾಟಿದ. ಆ ಹಂತದಲ್ಲಿ ಕಾಲಿಗೆ ಆಸರೆಯೇ ಕಡಿಮೆ. ಬೆರಳು ಮತ್ತು ಮುಂಗೈಯ ಬಲದಲ್ಲೇ ದೇಹವನ್ನು ಹೊತ್ತು ಸಾಗಬೇಕು. ಸಿಲ್ವರ್ ಮರಕ್ಕೆ ಏಣಿ ಹಾಕಿ ದಿನವಿಡೀ ಕರಿಮೆಣಸು ಕೊಯ್ದವರಿಗೆ ಮುಂಗೈ ಸೋಲುವುದೆಂದರೇನು ಎಂದು ಗೊತ್ತು. ಹಗುರ ಮೈ ಅವನಿಗೆ ನೆರವಾಗಿರಬಹುದು, ಒಪ್ಪುತ್ತೇನೆ. ಕೊನೆಯ ಹಗ್ಗದಲ್ಲಿ ಸಮಯ ಸಾಲದಿದ್ದರೂ ನನಗೆ ಅವನೇ ಮೇಲು.

ಸೋಮವಾರಪೇಟೆಯಿಂದ:
2014ರ ಮೇಗನ್ ಮಾರ್ಟಿನ್ ಅವರನ್ನು ಮರೆಯಬೇಡಿ. ಚೊಚ್ಚಲ ಪ್ರಯತ್ನದಲ್ಲೇ ವಾರ್ಪ್ಡ್ ವಾಲ್ (ಓಡಿ ಬಂದು ಏರಬೇಕಾದ ಬಾಗಿದ ಎತ್ತರದ ಗೋಡೆ) ಏರಿ ಅರ್ಹತಾ ಸುತ್ತನ್ನು ಪೂರ್ಣಗೊಳಿಸಿದ ಮೊದಲ ಮಹಿಳೆ ಅವರು.

ಮಡಿಕೇರಿಯಿಂದ:
ಧನ್ಯವಾದಗಳು. ಮೇಗನ್ ಅವರ ಓಟವನ್ನು ನಾವಿನ್ನೂ ನೋಡಿಲ್ಲ. ಇಂದು ರಾತ್ರಿ ಅದನ್ನೇ ನೋಡುತ್ತೇವೆ.