ಗಂಡಸರನ್ನು ಒಳಗೆ ಕೂಡಿಹಾಕಿದ ಕತೆ ಯಾರನ್ನು ಗೇಲಿ ಮಾಡುತ್ತದೆ?

ಓದುವಕ್ಕ:
ನಮ್ಮ ಓದುಗರ ಬಳಗದಲ್ಲಿ ಈ ಸಲ ರೊಕೆಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’, ಅಂದರೆ ‘ಸುಲ್ತಾನಾಳ ಕನಸು’ ಓದಿದೆವು. ಮುಗಿಸುವಷ್ಟರಲ್ಲಿ ಎರಡು ಪಂಗಡ ಆಯಿತು. ಅಲ್ಲಿ ತೀರದ ವಾದವನ್ನು ಇಲ್ಲಿಗೆ ತಂದಿದ್ದೇನೆ.

ಓದದವರಿಗೆ ಕತೆ ಇಷ್ಟು. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಝೀನ್’ನಲ್ಲಿ ಇಂಗ್ಲಿಷಿನಲ್ಲೇ ಬಂದದ್ದು. ಬರೆದವರು ಬಂಗಾಳದ ರಂಗಪುರ ಕಡೆಯವರು, ಹೆಂಗಸರನ್ನು ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಮನೆಯೊಳಗೇ ಇಡುವ ಪರದೆ ಪದ್ಧತಿಯಲ್ಲಿ ಬೆಳೆದವರು. ಸುಲ್ತಾನಾ ಆರಾಮಕುರ್ಚಿಯಲ್ಲಿ ಕೂತು ಹೆಂಗಸರ ಪಾಡನ್ನು ಯೋಚಿಸುತ್ತಿರುತ್ತಾಳೆ. ಸಿಸ್ಟರ್ ಸಾರಾ ಎಂಬಾಕೆ ಬಂದು ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಆ ಊರು ಲೇಡಿಲ್ಯಾಂಡ್. ಬೀದಿ ತುಂಬಾ ಹೆಂಗಸರು. ಗಂಡಸರೆಲ್ಲ ‘ಮರ್ದಾನಾ’ದೊಳಗೆ, ಅಂದರೆ ಗಂಡಸರನ್ನು ಕೂಡಿಡುವ ಒಳಮನೆಯೊಳಗೆ. ಅಡುಗೆ, ಮಕ್ಕಳು, ಮನೆಗೆಲಸ ಅವರ ಪಾಲು. ಹೆಂಗಸರು ಮೋಡದಿಂದ ನೀರು ಇಳಿಸುತ್ತಾರೆ, ಬಿಸಿಲಿನ ಶಾಖ ಹಿಡಿದಿಟ್ಟು ಒಲೆಗೆ ಕೊಡುತ್ತಾರೆ, ಗಾಳಿಯಲ್ಲಿ ಹಾರುವ ಗಾಡಿಯಲ್ಲಿ ಓಡಾಡುತ್ತಾರೆ.

ಇದು ಗಂಡಸರ ಮೇಲಿನ ದ್ವೇಷ ಅಂತ ಬಳಗದ ಅರ್ಧ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಲೇಡಿಲ್ಯಾಂಡಿನವರು ಕೊಡುವ ಕಾರಣಗಳೆಲ್ಲ ಗಂಡಸರು ಪರದೆಗೆ ಕೊಡುತ್ತಿದ್ದ ಕಾರಣಗಳೇ. ‘ಅವರಿಗೆ ಅದೇ ಸರಿಯಾದ ಜಾಗ.’ ‘ಅವರಿಗೆ ತಾಳ್ಮೆ ಇಲ್ಲ.’ ‘ಈಗ ಅಭ್ಯಾಸ ಆಗಿಬಿಟ್ಟಿದೆ, ಗೊಣಗುವುದಿಲ್ಲ.’ ಲೇಖಕಿ ಹೊಸದಾಗಿ ಏನೂ ಹುಟ್ಟಿಸಿಲ್ಲ. ಮಾತು ಯಾರ ಬಗ್ಗೆ ಅನ್ನುವುದನ್ನು ಮಾತ್ರ ಬದಲಾಯಿಸಿದ್ದಾರೆ. ಕೇಳಿ ಸಿಟ್ಟು ಬಂದರೆ ಆ ಸಿಟ್ಟು ಹೋಗಬೇಕಾದ್ದು ಆ ಕಾರಣಗಳ ಮೇಲೆ ಅಲ್ವಾ?

ದಾವಣಗೆರೆ ನೇರಮಾತು:
ಅಕ್ಕ, ನಾನು ಆ ಇನ್ನೊಂದು ಪಂಗಡದವನು. ಕತೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಸೆರೆಮನೆ ತೆಗೆದು ಅದೇ ಬೀಗ ಇನ್ನೊಬ್ಬರಿಗೆ ಹಾಕಿದರೆ ಅದನ್ನು ಕನಸು ಅಂತ ಹೇಗೆ ಕರೆಯುವುದು? ನನ್ನ ಮಗ ಹೈಸ್ಕೂಲಿನಲ್ಲಿದ್ದಾನೆ. ಅವನಿಗೆ ಈ ಕತೆ ಕೊಟ್ಟರೆ ‘ನಾನು ಹುಟ್ಟಿದ್ದೇ ತಪ್ಪು’ ಅಂತ ಅನಿಸಬಾರದು. ವಿಡಂಬನೆ ಅಂದರೆ ಯಾರ ಮೇಲೆ ಬೇಕಾದರೂ ಏನು ಬೇಕಾದರೂ ಹೇಳಬಹುದು ಅಂತ ಆಗಬಾರದು.

ಚುಟ್ಟದ ಲೆಕ್ಕವನ್ನೇ ನೋಡಿ. ಒಂದು ಚುಟ್ಟ ಸುಡಲು ಅರ್ಧ ಗಂಟೆ, ದಿನಕ್ಕೆ 12 ಚುಟ್ಟ, ಹಾಗಾಗಿ ಗಂಡಸರು ದಿನವೂ 6 ಗಂಟೆ ಹಾಳು ಮಾಡುತ್ತಾರಂತೆ. ಇದು ಎಲ್ಲ ಗಂಡಸರ ಮೇಲೂ ಒಂದೇ ಬಣ್ಣ ಬಳಿದ ಹಾಗಲ್ವಾ?

ಕೊಲ್ಕತ್ತಾ ಕನ್ನಡತಿ:
ನೇರಮಾತು ಸರ್, ನಿಮ್ಮ ಮಗನ ವಿಚಾರ ನನಗೆ ಅರ್ಥವಾಗುತ್ತದೆ. ಆದರೆ ಈ ಕತೆಯನ್ನು ಬರೆದಾಕೆಯ ಬದುಕಿನ ಪಕ್ಕ ಇಟ್ಟು ನೋಡಿ.

ರೊಕೆಯಾ ಹುಟ್ಟಿದ್ದು 1880ರಲ್ಲಿ. ಅವರನ್ನು ಶಾಲೆಗೆ ಕಳಿಸಲಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ರಾತ್ರಿ ದೀಪ ಹಚ್ಚಿ ಇಂಗ್ಲಿಷ್ ಕಲಿಸಿದ. ಗಂಡ ಭಾಗಲ್ಪುರದಲ್ಲಿ ಡೆಪ್ಯೂಟಿ ಮ್ಯಾಜಿಸ್ಟ್ರೇಟ್. ಅವರು ಪ್ರವಾಸಕ್ಕೆ ಹೋಗಿದ್ದಾಗ ಹೊತ್ತು ಕಳೆಯಲು ರೊಕೆಯಾ ಈ ಕತೆ ಬರೆದರು. ಗಂಡ ವಾಪಸ್ ಬಂದು ನಿಂತಲ್ಲೇ ಪೂರ್ತಿ ಓದಿ, ‘ಭಯಂಕರ ಸೇಡು’ ಅಂದರಂತೆ. ಅಂದು ಸುಮ್ಮನಾಗಲಿಲ್ಲ, ಅಚ್ಚಿಗೆ ಕಳಿಸಲು ಬೆನ್ನಿಗೆ ನಿಂತರು. ಗಂಡಸನ್ನು ದ್ವೇಷಿಸುವ ಮನೆಯಲ್ಲಿ ಹುಟ್ಟಿದ ಕತೆ ಅಲ್ಲ ಇದು.

ಪರದೆ ಅಂದರೆ ಏನು ಅಂತ ತಿಳಿಯಬೇಕಾದರೆ ಅವರೇ ಆಮೇಲೆ ಬರೆದ ‘ಅವರೋಧಬಾಸಿನಿ’ ಓದಬೇಕು. ಅದರಲ್ಲಿ ಅವರ ಗಂಡನ ದೂರದ ಸಂಬಂಧಿ ಹೆಂಗಸೊಬ್ಬಳ ಸಂಗತಿ ಇದೆ. ಬಿಹಾರದ ಕಿಯೂಲ್ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸುವಾಗ ಬುರ್ಖಾ ಕಾಲಿಗೆ ತೊಡರಿ ಹಳಿಯ ಮೇಲೆ ಬಿದ್ದರು. ಕೂಲಿಗಳು ಎತ್ತಲು ಓಡಿಬಂದರು. ಜೊತೆಗಿದ್ದ ಕೆಲಸದಾಕೆ ‘ಯಾರೂ ಮುಟ್ಟಬೇಡಿ’ ಅಂತ ಅಡ್ಡ ನಿಂತಳು. ಅವಳೊಬ್ಬಳಿಂದ ಎಳೆಯಲು ಆಗಲಿಲ್ಲ. ರೈಲು ಅರ್ಧ ಗಂಟೆ ಕಾದು ಹೊರಟಿತು. ಅಷ್ಟೊಂದು ಜನರ ಕಣ್ಣೆದುರೇ ಆಕೆ ಸತ್ತರು.

ಇಂಥ ಪರದೆಯೊಳಗೆ ಬದುಕಿದವರು ಬರೆದ ಕತೆಯಲ್ಲಿ ಗಂಡಸರು ಒಳಗೆ ಕೂತು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಅಷ್ಟೇ. ಯಾರೂ ರೈಲಿಗೆ ಸಿಕ್ಕಿ ಸಾಯುವುದಿಲ್ಲ. ಎರಡೂ ಕಡೆ ಬೀಗ ಒಂದೇ ಅಂತ ನನಗೆ ಅನಿಸುವುದಿಲ್ಲ.

ಸಾಗರದ ಮೇಷ್ಟ್ರು:
ಇದನ್ನು ಪದವಿ ತರಗತಿಯಲ್ಲಿ ಹಲವು ಸಲ ಓದಿಸಿದ್ದೇನೆ. ನನ್ನ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇನೆ. ಚುಟ್ಟದ ಲೆಕ್ಕ ಬಂದಾಗ ಹುಡುಗರೇ ಜಾಸ್ತಿ ನಗುತ್ತಾರೆ. ಅವರಿಗೆ ಅದರಿಂದ ನೋವಾಗುವುದಿಲ್ಲ, ಎಲ್ಲರ ಮನೆಯಲ್ಲೂ ಅಂಥ ಒಬ್ಬ ಚಿಕ್ಕಪ್ಪ ಇರುತ್ತಾನೆ. ತರಗತಿ ಸುಮ್ಮನಾಗುವುದು ಬೇರೆ ಕಡೆ. ‘ನಮ್ಮೂರಲ್ಲಿ ಗಂಡಸರು ಹೊರಗಿದ್ದರೆ ಹೆಂಗಸರಿಗೆ ಕ್ಷೇಮ ಇಲ್ಲ’ ಅಂತ ಸುಲ್ತಾನಾ ಹೇಳುತ್ತಾಳೆ. ಅದಕ್ಕೆ ಸಾರಾ, ಹುಚ್ಚಾಸ್ಪತ್ರೆಯಿಂದ ಕೆಲವರು ತಪ್ಪಿಸಿಕೊಂಡು ಬಂದು ಊರಲ್ಲಿ ಹಾವಳಿ ಮಾಡಿದರೆ ನೀವು ಯಾರನ್ನು ಹಿಡಿದು ಒಳಗೆ ಹಾಕುತ್ತೀರಿ ಅಂತ ಕೇಳುತ್ತಾಳೆ. ತೊಂದರೆ ಕೊಡುವವರನ್ನು ಬಿಟ್ಟು ತೊಂದರೆ ಪಡುವವರನ್ನು ಕೂಡಿಹಾಕುವುದು ಯಾವ ಬುದ್ಧಿ ಅನ್ನುವುದು ಅವಳ ಪ್ರಶ್ನೆ. ಕಾಯಿಲೆಯವರನ್ನು ಹೀಗೆ ಎಳೆದು ತಂದದ್ದು ಇವತ್ತು ನನಗೆ ಹಿಡಿಸುವುದಿಲ್ಲ. ಆದರೆ ಪ್ರಶ್ನೆಗೆ ಈಗಲೂ ಉತ್ತರ ಇಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್ ಬಾಗಿಲು ಸಂಜೆಗೇ ಮುಚ್ಚುತ್ತದೆ, ಹುಡುಗರದ್ದು ತೆರೆದಿರುತ್ತದೆ. ತರಗತಿ ಸುಮ್ಮನಾಗುವುದು ಅದಕ್ಕೇ.

ಇನ್ನೊಂದು ವಿಷಯ. ಶಕ್ತಿ ಇದ್ದವರು ಆಳಬೇಕು ಅನ್ನುವ ಮಾತಿಗೆ ಸಾರಾ, ಸಿಂಹಕ್ಕೆ ಮನುಷ್ಯನಿಗಿಂತ ಬಲ ಜಾಸ್ತಿ, ಹಾಗಂತ ಅದು ನಮ್ಮನ್ನು ಆಳುತ್ತದಾ ಅಂತ ಕೇಳುತ್ತಾಳೆ. ಗಂಡಸರ ಮೆದುಳು ದೊಡ್ಡದು ಅಂದರೆ ಆನೆಯದು ಇನ್ನೂ ದೊಡ್ಡದು ಅನ್ನುತ್ತಾಳೆ. ಈ ತರ್ಕಕ್ಕೆ ಗಂಡು ಹೆಣ್ಣು ಅಂತಿಲ್ಲ, ಯಾರು ಬೇಕಾದರೂ ಎತ್ತಿಕೊಂಡು ಬಳಸಬಹುದು.

ಹೆಸರು ಬೇಡ:
ನಾನು ಗೇ. ಬೇರೆ ಕಡೆಯಿಂದ ಕೇಳುತ್ತೇನೆ. ಇಡೀ ಕತೆಯಲ್ಲಿ ಮರ್ದಾನಾದ ಒಳಗೆ ಯಾರೂ ಕಾಲಿಡುವುದಿಲ್ಲ, ಗಮನಿಸಿದ್ದೀರಾ? ಅಡುಗೆಮನೆ ತೋರಿಸುವ ಮುಂಚೆ ಅಲ್ಲಿದ್ದ ಗಂಡಸರನ್ನು ಆಚೆ ಕಳಿಸಿರುತ್ತಾರೆ. ನೆರೆದೇಶದ ಜೊತೆಗಿನ ಯುದ್ಧದಲ್ಲಿ ಸೇನೆ ಸೋತು ಗಂಡಸರು ಒಳಗೆ ಸೇರಿದ ಮೇಲೆ ಕೆಲವು ಪೊಲೀಸ್ ಅಧಿಕಾರಿಗಳು ಅಲ್ಲಿನ ರಾಣಿಗೆ ಅರ್ಜಿ ಕಳಿಸಿದರು ಅಂತ ಒಂದು ಮಾತು ಬರುತ್ತದೆ: ಸೋತವರು ಸೇನೆಯವರು, ನಮ್ಮ ಕೆಲಸದಲ್ಲಿ ನಾವು ತಪ್ಪು ಮಾಡಿಲ್ಲ, ನಮ್ಮನ್ನು ಯಾಕೆ ಕೂಡಿಹಾಕುತ್ತೀರಿ ಅಂತ. ಬೇಕಾದಾಗ ಹೇಳಿ ಕಳಿಸುತ್ತೇವೆ ಅಂತ ರಾಣಿಯ ಉತ್ತರ. ಒಳಗೆ ಸೇರಿದ ಮೇಲೆ ಗಂಡಸರ ದನಿ ಅಂತ ಕತೆಯಲ್ಲಿ ಇರುವುದೇ ಅಷ್ಟು, ಅದೂ ಬೇರೆಯವರ ಬಾಯಲ್ಲಿ.

ಲೇಡಿಲ್ಯಾಂಡಿನಲ್ಲಿ ಗಂಡಸರೆಲ್ಲ ಒಂದೇ ಥರದ ಗಂಡಸರು, ಹೆಂಗಸರೆಲ್ಲ ಒಂದೇ ಥರದ ಹೆಂಗಸರು. ಹೆಂಗಸರು ಹೆಂಗಸರ ಜೊತೆಗೇ ಬದುಕುವ ಊರು, ಆದರೆ ಯಾರೂ ಯಾರ ಪ್ರೇಮದಲ್ಲೂ ಬೀಳುವುದಿಲ್ಲ. 1905ರ ಬಂಗಾಳದ ಹೆಂಗಸು ಅದನ್ನೆಲ್ಲ ಬರೆಯಬೇಕಿತ್ತು ಅಂತ ನಾನು ಕೇಳುತ್ತಿಲ್ಲ. ಆಗ ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 1860ರ ದಂಡ ಸಂಹಿತೆಯ 377ನೇ ಕಲಂ ಜಾರಿಯಲ್ಲಿತ್ತು. ಅದು 2018ರ ಸೆಪ್ಟೆಂಬರ್ 6ರವರೆಗೂ ನಮ್ಮ ಮೇಲೆ ಇತ್ತು. ಇವತ್ತು ಅದೇ ತಂತ್ರ ಹಿಡಿದು ‘ಗಂಡ ಹೆಂಡತಿ ಅದಲು ಬದಲು’ ಅಂತ ಕತೆ ಬರೆಯುವವರಿಗೆ ನನ್ನ ಮಾತು. ಅದಲು ಬದಲು ಮಾಡುವಾಗ ಮನೆಯಲ್ಲಿ ಇರುವುದು ಇಬ್ಬರೇ ಅಂತ ಅಂದುಕೊಳ್ಳಬೇಡಿ.

ಮೈಸೂರು ರಂಗಪರದೆ:
ಬಳಗದವರು ಬಿಟ್ಟ ಒಂದು ಎಳೆ ಹಿಡಿಯುತ್ತೇನೆ. ಟಿವಿಯ ಕಾಮಿಡಿ ಶೋಗಳಲ್ಲಿ ಗಂಡಸಿಗೆ ಸೀರೆ ಉಡಿಸಿ, ಎದೆಗೆ ಬಟ್ಟೆ ತುರುಕಿ, ಕುಲುಕುತ್ತಾ ನಡೆಸಿದರೆ ಜನ ನಗುತ್ತಾರೆ. ಅದನ್ನೂ ವಿಡಂಬನೆ ಅಂತಲೇ ಕರೆಯುತ್ತಾರೆ. ಆ ನಗು ಬೀಳುವುದು ಹೆಂಗಸಿನ ಮೈ ಮೇಲೆ, ಹೆಣ್ಣಿನ ಹಾಗೆ ನಡೆಯುವ ಹುಡುಗನ ಮೇಲೆ, ಟ್ರಾನ್ಸ್ ಮಹಿಳೆಯರ ಮೇಲೆ. ನಿಯಮ ಮಾಡಿದವರಿಗೆ ಒಂದು ಗೀರೂ ಆಗುವುದಿಲ್ಲ.

ಇದರ ಎದುರಿಗೆ ರಂಗನಟಿ ಆರ್. ನಾಗರತ್ನಮ್ಮನವರನ್ನು ನೆನೆಸಿಕೊಳ್ಳಿ. 1958ರಲ್ಲಿ ಬರೀ ಹೆಂಗಸರ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಕಂಸ, ರಾವಣ, ದುರ್ಯೋಧನ ಎಲ್ಲ ಅವರೇ ಆದರು. ಕಂಸನಾಗಿ ಗದೆ ಹಿಡಿದು ನಿಂತರೆ ಜನ ಬೆದರುತ್ತಿದ್ದರು. ಹೆಂಗಸು ಗಂಡಾಗಿದ್ದಾಳೆ ಅಂತ ನಗುತ್ತಿರಲಿಲ್ಲ. ವೇಷ ಬದಲಾದ ತಕ್ಷಣ ನಗಬೇಕು ಅನ್ನುವುದು ಕಲೆಯ ನಿಯಮವೇನಲ್ಲ, ನಾವು ಮಾಡಿಕೊಂಡ ಅಭ್ಯಾಸ.

ದಾವಣಗೆರೆ ನೇರಮಾತು:
ಟಿವಿ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮನೆಯಲ್ಲಿ ಅದು ಬಂದರೆ ಚಾನೆಲ್ ಬದಲಾಯಿಸುತ್ತೇನೆ. ಆದರೆ ಅದೇ ಅಳತೆಗೋಲು ಈ ಕತೆಗೂ ಇಡಿ ಅನ್ನುತ್ತೇನೆ.

ಮಂಡ್ಯದ ಹುಡುಗಿ:
ಇಡೋಣ ಅಣ್ಣ. ನಾನು ಟ್ರಾನ್ಸ್ ಹೆಂಗಸು. ಕತೆಯನ್ನು ಕನ್ನಡದಲ್ಲಿ ಗೆಳತಿಯೊಬ್ಬಳು ಓದಿ ಹೇಳಿದಳು, ಆಮೇಲೆ ನಾನೇ ಕೂತು ಓದಿದೆ.

ಸುಲ್ತಾನಾ ಲೇಡಿಲ್ಯಾಂಡಿನ ಬೀದಿಗೆ ಕಾಲಿಟ್ಟ ಕೂಡಲೇ ಏನಾಗುತ್ತದೆ? ದಾರಿಯಲ್ಲಿ ಹೋಗುವ ಹೆಂಗಸರು ಅವಳನ್ನು ನೋಡಿ ನಗುತ್ತಾರೆ. ಯಾಕೆ ಅಂತ ಕೇಳಿದರೆ, ನೀನು ಗಂಡಸರ ಹಾಗಿದ್ದೀಯಂತೆ ಅನ್ನುತ್ತಾಳೆ ಸಾರಾ. ಅಂದರೆ ಗಂಡಸರ ಹಾಗೆ ನಾಚಿಕೊಳ್ಳುತ್ತೀಯ, ಅಂಜುತ್ತೀಯ ಅಂತ. ಎಲ್ಲರೂ ಇಲ್ಲಿ ನಗುತ್ತಾರೆ. ನನಗೆ ನಗು ಬರಲಿಲ್ಲ. ಹೆಂಗಸರಿಗಾಗಿಯೇ ಕಟ್ಟಿದ ಊರಿನಲ್ಲಿ ಮೊದಲು ನಡೆಯುವ ಸಂಗತಿಯೇ ಇದು. ಹೆಂಗಸಿನ ಹಾಗೆ ನಡೆಯದ ಒಬ್ಬಳನ್ನು ನಿಲ್ಲಿಸಿ ಗೇಲಿ ಮಾಡುತ್ತಾರೆ.

ಒಂದು ಕಚೇರಿಗೆ ಅರ್ಜಿ ಕೊಡಲು ಹೋಗಿದ್ದೆ. ಗಂಡಸರದು ಒಂದು ಸಾಲು, ಹೆಂಗಸರದು ಒಂದು ಸಾಲು. ಹೆಂಗಸರ ಸಾಲಿನಲ್ಲಿ ನಿಂತೆ. ಮುಂದಿದ್ದವರು ಹಿಂದೆ ತಿರುಗಿ ನೋಡಿದರು, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕರು. ವಾಚ್‌ಮನ್ ಬಂದು ‘ಆ ಕಡೆ ಹೋಗು’ ಅಂದ. ಆ ಕಡೆಯವರು ‘ಈ ಕಡೆ ಯಾಕೆ’ ಅಂದರು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಮ್ಮ ಲಿಂಗ ನಾವೇ ಹೇಳಬಹುದು ಅಂತ ತೀರ್ಪು ಕೊಟ್ಟಿತು. ಸಾಲಿನಲ್ಲಿ ನಿಂತವರಿಗೆ ತೀರ್ಪು ಗೊತ್ತಿರುವುದಿಲ್ಲ.

ಲೇಡಿಲ್ಯಾಂಡಿನ ಗಡಿಗೆ ನಾನು ಹೋದರೆ ನನ್ನನ್ನು ಎಲ್ಲಿಗೆ ಕಳಿಸುತ್ತಾರೆ, ಹೇಳಿ?

ಸಾಗರದ ಮೇಷ್ಟ್ರು:
ತಂಗಿ, ನಿನ್ನ ಮಾತು ಕತೆಯ ಮುಖ್ಯ ಜಾಗಕ್ಕೇ ಹೋಗಿ ತಾಕಿದೆ. ನಾನು ಅದೇ ಸಾಲನ್ನು ಬೇರೆ ಥರ ಓದುತ್ತಿದ್ದೆ. ನಾಚಿಕೆ ಹೆಣ್ಣಿನ ಮೈಯಲ್ಲೇ ಹುಟ್ಟುತ್ತದೆ ಅಂತ ನಂಬಿದ ಕಾಲ ಅದು. ಕೂಡಿಹಾಕಿದವರು ಯಾರೇ ಆಗಲಿ, ಅವರಿಗೆ ನಾಚಿಕೆ ಬರುತ್ತದೆ ಅಂತ ರೊಕೆಯಾ ತೋರಿಸಿದರು. ಒಳಗಿರುವವರು ಗಂಡಸರಾದರೆ ನಾಚಿಕೆ ಗಂಡಸಿನ ಗುಣವಾಗುತ್ತದೆ. ಗಂಡುತನ, ಹೆಣ್ತನ ಮೈಯಿಂದ ಬರುವುದಲ್ಲ, ಯಾರನ್ನು ಯಾವ ಕೋಣೆಯಲ್ಲಿ ಇಟ್ಟಿದ್ದೀರಿ ಅನ್ನುವುದರಿಂದ ಬರುವುದು. 1905ರಲ್ಲಿ ಈ ಮಾತು ಹೇಳಿದವರು ಎಷ್ಟು ಜನ? ನಿನಗೂ ಇದು ಬಲ ಕೊಡುವ ಸಾಲು ಅಂತ ನನ್ನ ನಂಬಿಕೆ.

ಮಂಡ್ಯದ ಹುಡುಗಿ:
ಬಲ ಕೊಡುತ್ತದೆ ಮೇಷ್ಟ್ರೇ. ನೋವೂ ಕೊಡುತ್ತದೆ. ಕೋಣೆ ಬದಲಾದರೆ ಗುಣ ಬದಲಾಗುತ್ತದೆ ಅನ್ನುವುದನ್ನು ಒಪ್ಪಿದೆ. ಆದರೆ ಆ ಹೆಂಗಸರು ಕೋಣೆಯಿಂದ ಹೊರಗೆ ಬಂದ ಮೇಲೂ ನಗುವುದನ್ನು ಬಿಡಲಿಲ್ಲ, ನೋಡಿ. ಗೆದ್ದವರು ಹೊಸ ‘ಸರಿಯಾದ ಹೆಂಗಸು’ ಮಾಡಿಕೊಂಡರು. ಧೈರ್ಯವಾಗಿ ನಡೆಯುವವಳು ಸರಿ, ಅಂಜುವವಳು ಸರಿಯಿಲ್ಲ. ಲೇಖಕಿ ಬೇಕಂತಲೇ ಹಾಗೆ ಬರೆದಿದ್ದರೆ ಅದು ಇಡೀ ಕತೆಯ ಅತಿ ದೊಡ್ಡ ವಿಡಂಬನೆ.

ಕೊಲ್ಕತ್ತಾ ಕನ್ನಡತಿ:
ಬೇಕಂತಲೇ ಬರೆದರು ಅಂತ ನನಗೆ ಅನಿಸುತ್ತದೆ. ಯಾಕೆ ಅಂದರೆ ಹೆಂಗಸರೇ ಹೆಂಗಸರನ್ನು ಕಾಯುವುದನ್ನು ಅವರು ಹತ್ತಿರದಿಂದ ಕಂಡಿದ್ದರು. ಕಿಯೂಲ್ ಸ್ಟೇಷನ್ನಿನಲ್ಲಿ ಅಡ್ಡ ನಿಂತವಳೂ ಹೆಂಗಸೇ. 1911ರಲ್ಲಿ ಕೊಲ್ಕತ್ತಾದಲ್ಲಿ 8 ಹುಡುಗಿಯರಿಂದ ಶಾಲೆ ಶುರು ಮಾಡಿದರು. ಮನೆಮನೆಗೆ ಹೋಗಿ ಮಕ್ಕಳನ್ನು ಕೇಳಬೇಕಾಗಿತ್ತು. ಹುಡುಗಿಯರನ್ನು ಕರೆತರುವ ಬಸ್ಸಿಗೆ ಗಾಳಿಯೂ ಆಡದ ಹಾಗೆ ಪರದೆ ಕಟ್ಟಿಸಿದರು, ಇಲ್ಲದಿದ್ದರೆ ಯಾರೂ ಕಳಿಸುತ್ತಿರಲಿಲ್ಲ. ಒಳಗೆ ಮಕ್ಕಳು ತಲೆ ತಿರುಗಿ ಬಿದ್ದರು. ಪರದೆ ಸ್ವಲ್ಪ ಸಡಿಲ ಮಾಡಿದರೆ ಬೆದರಿಕೆಯ ಪತ್ರ ಬಂತು. ಕನಸಿನಲ್ಲಿ ಪರದೆ ಕಿತ್ತೆಸೆದವರು ಹಗಲಿನಲ್ಲಿ ಪರದೆ ಹೊಲಿಸಬೇಕಾಯಿತು. ಆ ಶಾಲೆ ಈಗಲೂ ಲಾರ್ಡ್ ಸಿನ್ಹಾ ರಸ್ತೆಯಲ್ಲಿ ನಡೆಯುತ್ತಿದೆ, ಅದರ ಮುಂದೆಯೇ ನಾನು ಓಡಾಡುತ್ತೇನೆ. ಒಂದೇ ಏಟಿಗೆ ಎಲ್ಲರೂ ಬದಲಾಗುತ್ತಾರೆ ಅಂತ ನಂಬುವಷ್ಟು ಮುಗ್ಧೆ ಆಗಿರಲಿಲ್ಲ ಆಕೆ.

ಮೈಸೂರು ರಂಗಪರದೆ:
ಹಾಗಾದರೆ ಕೆಲಸದ ಪ್ರಶ್ನೆ. ಈ ಕತೆಯನ್ನು ಆಡಿಸಬೇಕು ಅಂತ ನಮ್ಮ ತಂಡದಲ್ಲಿ ಮಾತು ನಡೆದಿದೆ. ಬೀದಿಯಲ್ಲಿ ನಗುವ ಹೆಂಗಸರ ದೃಶ್ಯ ಹೇಗೆ ಮಾಡಬೇಕು? ಬಿಟ್ಟರೆ ಕತೆ ಸಪ್ಪೆ. ಇದ್ದ ಹಾಗೇ ಮಾಡಿದರೆ ಸುಲ್ತಾನಾಳ ನಡಿಗೆಗೇ ಜನ ನಗುತ್ತಾರೆ, ಟಿವಿ ಶೋ ಆಗಿಬಿಡುತ್ತದೆ.

ಮಂಡ್ಯದ ಹುಡುಗಿ:
ಬಿಡಬೇಡಿ. ನಗುವವರನ್ನು ರಂಗದ ಮೇಲೆ ನಿಲ್ಲಿಸಬೇಡಿ, ಪ್ರೇಕ್ಷಕರ ನಡುವೆ ಕೂರಿಸಿ. ಪಕ್ಕದ ಕುರ್ಚಿಯಿಂದ ನಗು ಬರಲಿ. ಸುಲ್ತಾನಾ ಕುಲುಕುವುದು ಬೇಡ, ಸುಮ್ನೆ ತಲೆ ತಗ್ಗಿಸಿ ನಡೆಯಲಿ. ಆಗ ನೋಡುವವರು ನಗುವವರ ಕಡೆ ತಿರುಗುತ್ತಾರೆ.

ದಾವಣಗೆರೆ ನೇರಮಾತು:
ಇದಕ್ಕೆ ನನ್ನ ವಿರೋಧ ಇಲ್ಲ. ಆದರೆ ಮರ್ದಾನಾದ ಬಾಗಿಲನ್ನೂ ಒಮ್ಮೆ ತೆರೆಯಿರಿ. ಆ ಪೊಲೀಸ್ ಅಧಿಕಾರಿಯ ಅರ್ಜಿಯನ್ನು ಅವನ ಬಾಯಲ್ಲೇ ಹೇಳಿಸಿ. ಆಗ ನನ್ನ ಮಗನನ್ನು ಕರೆದುಕೊಂಡು ಬರುತ್ತೇನೆ.

ಓದುವಕ್ಕ:
ಅರ್ಜಿ ಓದಿಸುವುದಾದರೆ ರಾಣಿಯ ಉತ್ತರವನ್ನೂ ಪೂರ್ತಿ ಓದಿಸಬೇಕು ಅಣ್ಣ. ‘ಬೇಕಾದಾಗ ಹೇಳಿ ಕಳಿಸುತ್ತೇವೆ’ ಅನ್ನುವುದನ್ನು ಎಷ್ಟು ಹೆಣ್ಣುಮಕ್ಕಳು ಕೇಳಿಸಿಕೊಂಡಿಲ್ಲ? ಅದನ್ನು ನಿಮ್ಮ ಮಗ ಕೇಳಲಿ ಅಂತಲೇ ನನ್ನ ಆಸೆ. ರಂಗಪರದೆಯವರೇ, ಓದಿಗೆ ದಿನ ಗೊತ್ತು ಮಾಡಿ, ನಮ್ಮ ಬಳಗದ ಎರಡೂ ಪಂಗಡ ಬರುತ್ತದೆ.