'ಪೇಮೆಂಟ್ ಫಾರ್ ಆರ್ಡರ್ ಫ್ಲೋ': ಕಮಿಷನ್ನೋ, ಲಂಚವೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಷೇರುಪೇಟೆಯ ಒಂದು ಹಳೇ ಕೇಸಿನ ಬಗ್ಗೆ ಬರೆಯುತ್ತಿದ್ದೇನೆ. 'ಪೇಮೆಂಟ್ ಫಾರ್ ಆರ್ಡರ್ ಫ್ಲೋ' ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಅನ್ನುವಲ್ಲೇ ಸಿಕ್ಕಿಹಾಕಿಕೊಂಡೆ. 'ಆರ್ಡರ್ ಹರಿವಿಗೆ ಪಾವತಿ' ಅಂತ ಬರೆದು ನೋಡಿದೆ. ಕಾಲುವೆ ನೀರಿಗೆ ಕಂದಾಯ ಕಟ್ಟಿದ ಹಾಗಿದೆ!

ವಿಷಯ ಇಷ್ಟು. ನೀವು ಬ್ರೋಕರ್‌ಗೆ ಷೇರು ಕೊಳ್ಳಲು ಹೇಳುತ್ತೀರಿ. ಅವನು ಆ ಆರ್ಡರನ್ನು ಒಬ್ಬ ದೊಡ್ಡ ವ್ಯಾಪಾರಿಗೆ ಕಳಿಸುತ್ತಾನೆ. ತಂದುಕೊಟ್ಟಿದ್ದಕ್ಕೆ ಆ ವ್ಯಾಪಾರಿ ಬ್ರೋಕರ್‌ಗೆ ಷೇರಿಗಿಷ್ಟು ಅಂತ ಕಾಸು ಕೊಡುತ್ತಾನೆ. (ಮುಂದೆ ಇದಕ್ಕೆ ಸಂಬಂಧವಿಲ್ಲದ ಮೋಸಕ್ಕೆ ಜೈಲು ಸೇರಿದ ಬರ್ನಿ ಮೇಡಾಫ್ ಈ ಪದ್ಧತಿ ಬೆಳೆಸಿದವರಲ್ಲಿ ಒಬ್ಬ.) ಪ್ರವಾಸಿಗಳನ್ನು ಸೀರೆ ಅಂಗಡಿಗೆ ಕರೆತಂದ ಆಟೋದವನಿಗೆ ಅಂಗಡಿಯವರು ಕೊಡುತ್ತಾರಲ್ಲ, ಹೆಚ್ಚುಕಮ್ಮಿ ಅದೇ.

ಹಾಗಾದರೆ 'ಕಮಿಷನ್' ಸಾಕಲ್ವಾ? ಸಾಲದು. ಬ್ರೋಕರ್ ನಮ್ಮಿಂದ ತಗೊಳ್ಳುವುದೂ ಕಮಿಷನ್ನೇ. ಗೆಳೆಯರೊಬ್ಬರು 'ಲಂಚ' ಅಂತ ಹಾಕಿಬಿಡಿ ಅಂದರು. 'ಮಾಮೂಲು' ನನಗೂ ಒಂದು ಗಳಿಗೆ ಹಿಡಿಸಿತು. ಆದರೆ ಕೇಸಿನ ಜಗಳವೇ ಅದು. ಏಜೆಂಟ್ ಆದವನು ನಮಗೆ ಸರಿಯಾಗಿ ತಿಳಿಸದೆ ಇನ್ನೊಬ್ಬರಿಂದ ದುಡ್ಡು ತಗೊಳ್ಳುವ ಹಾಗಿಲ್ಲ, ಅದು ನ್ಯೂಯಾರ್ಕ್ ರಾಜ್ಯದ ಕಾನೂನು ಅಂತ ಚಾರ್ಲ್ಸ್ ಶ್ವಾಬ್ ಅನ್ನುವ ಬ್ರೋಕರ್ ಕಂಪನಿಯ ಗ್ರಾಹಕರು ವಾದಿಸಿದರು. 1996ರಲ್ಲಿ ಆ ರಾಜ್ಯದ ಅತಿ ಮೇಲಿನ ಕೋರ್ಟು ಒಪ್ಪಲಿಲ್ಲ. ಎಸ್‌ಇಸಿ (ಅಮೆರಿಕದ ಷೇರುಪೇಟೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ, ನಮ್ಮ ಸೆಬಿ ಥರ) 1994ರಲ್ಲೇ ನಿಯಮ ಮಾಡಿತ್ತು: ಖಾತೆ ತೆರೆಯುವಾಗ, ಆಮೇಲೆ ವರ್ಷಕ್ಕೊಮ್ಮೆ ಬ್ರೋಕರ್ ಇದನ್ನು ಗ್ರಾಹಕರಿಗೆ ತಿಳಿಸಬೇಕು, ವ್ಯವಹಾರದ ಚೀಟಿಯಲ್ಲೂ (ನಮ್ಮಲ್ಲಿ ಕಾಂಟ್ರ್ಯಾಕ್ಟ್ ನೋಟ್ ಅನ್ನುತ್ತಾರಲ್ಲ, ಅಂಥದ್ದು) ಒಂದು ಮಾತು ಇರಬೇಕು. ಒಂದೊಂದು ರಾಜ್ಯ ಒಂದೊಂದು ಥರ ಇನ್ನೂ ಜಾಸ್ತಿ ಕೇಳಿದರೆ ದೇಶಕ್ಕೆಲ್ಲ ಒಂದೇ ಪೇಟೆ ಅನ್ನುವ ಉದ್ದೇಶವೇ ಕೆಡುತ್ತದೆ ಅಂದಿತು ಕೋರ್ಟು. ಮರುವರ್ಷ ಇಲಿನಾಯ್ ಸುಪ್ರೀಂ ಕೋರ್ಟೂ ಹೀಗೇ ಹೇಳಿತು. ಈಗ ನಾನು 'ಲಂಚ' ಅಂತ ಬರೆದರೆ ತೀರ್ಪು ನಾನೇ ಕೊಟ್ಟಂತೆ.

ಸದ್ಯಕ್ಕೆ 'ಆರ್ಡರ್ ತಂದಿದ್ದಕ್ಕೆ ಕಮಿಷನ್' ಅಂತ ಇಟ್ಟುಕೊಂಡಿದ್ದೇನೆ. ಯಾಕೆ ಕೊಡುತ್ತಾರೆ ಅನ್ನುವುದು ಅದರಲ್ಲೇ ಕಾಣುತ್ತದೆ. ಬೈಗುಳವೂ ಅಲ್ಲ.

ಇನ್ನೊಂದು ತಲೆನೋವು 'ಪ್ರಿಎಂಪ್ಷನ್'. ಕೇಂದ್ರದ ಕಾನೂನು ಇರುವಲ್ಲಿ ರಾಜ್ಯದ್ದು ನಡೆಯುವುದಿಲ್ಲ ಅನ್ನುವ ಅರ್ಥ. 'ಪೂರ್ವಕ್ರಯ' ಅಂತೊಂದು ಪದ ಇದೆ, ಆದರೆ ಅದು ಬೇರೆಯವರಿಗಿಂತ ಮೊದಲು ಕೊಳ್ಳುವ ಹಕ್ಕು. ಷೇರಿನ ಕೇಸಿನಲ್ಲಿ ಅದನ್ನು ಹಾಕಿದರೆ, ಯಾರೋ ಮುಂಚೆ ಷೇರು ಕೊಂಡರು ಅಂದುಕೊಳ್ಳುತ್ತಾರೆ ಅಷ್ಟೇ. ಪ್ರತಿ ಸಲ ಇಡೀ ವಾಕ್ಯ ಬರೆಯದೆ ಒಂದೇ ಮಾತಿನಲ್ಲಿ ಹೇಳಲು ಯಾರಿಗಾದರೂ ಹೊಳೆದರೆ ತಿಳಿಸಿ.